ಹುಟ್ಟನ್ನೇ ಅಪರಾಧವೆಂದ ಕಾಯಿದೆ

ಅಪರಾಧಿಯನ್ನು ಅವನ ಕೃತ್ಯದಿಂದ ಗುರುತಿಸಬೇಕೋ ಕುಲದಿಂದಲೋ ಎಂದು ಇಂದು ಕೇಳಿದರೆ ಯಾರಾದರೂ ನಕ್ಕಾರು. ಆದರೆ ಕುಲವನ್ನೇ ಅಪರಾಧವೆಂದು ಸಾರಿದ ಕಾಯಿದೆಯೊಂದು ನಮ್ಮ ದೇಶದಲ್ಲಿ ಎಂಬತ್ತು ವರ್ಷಗಳ ಕಾಲ ಜಾರಿಯಲ್ಲಿತ್ತು. ಬ್ರಿಟಿಷ್ ಸರಕಾರವು 1871ರಲ್ಲಿ ರಚಿಸಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯೇ ಅದು. ನೇಕಾರನ ಮಗ ನೇಕಾರನಾಗುವಂತೆ ಕಳ್ಳನ ಮಗ ಕಳ್ಳನೇ ಆಗುವನೆಂಬುದು ಅದರ ತರ್ಕ. ಪಟ್ಟಿಯಲ್ಲಿ ಹೆಸರಿದ್ದವರು ಪೋಲೀಸರೆದುರು ಹಾಜರಿ ಹಾಕಬೇಕು. ರಹದಾರಿಯಿಲ್ಲದೆ ಊರು ಬಿಡಕೂಡದು.

ಆಗ ಹುಬ್ಬಳ್ಳಿ, ಅಹಮದಾಬಾದು, ಸೂರತ್ತುಗಳು ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕೊರಚ, ಘಂಟಿಚೋರ, ಹರಣಶಿಕಾರಿ ಮೊದಲಾದ ಜನರನ್ನು ವಿಜಾಪುರ, ಹುಬ್ಬಳ್ಳಿ, ಗದಗಗಳ ವಸಾಹತುಗಳಲ್ಲಿ ಕೂಡಿಹಾಕಲಾಯಿತು. ‘ಸೆಟ್ಲಮೆಂಟ್’ ಎಂಬ ಹೆಸರು ಆ ಊರುಗಳಲ್ಲಿ ಇಂದಿಗೂ ಅಳಿದಿಲ್ಲ. ಅಹಮದಾಬಾದಿನ ಕುಬೇರನಗರದ ಬಳಿಯ ಛಾರಾನಗರವೂ ಅಂಥದೇ ವಸಾಹತಿನಿಂದ ಬೆಳೆದ ಬಡಾವಣೆ.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಈ ಕಾಯಿದೆಯನ್ನು ರದ್ದುಗೊಳಿಸಿತು. ಆ ಜನರು ‘ವಿಮುಕ್ತ’ರೆನಿಸಿಕೊಂಡರು. ಆದರೆ ಕಾಗದದ ಮೇಲಿನ ಬಿಡುಗಡೆ ಠಾಣೆಯ ಕಟ್ಟೆಯನ್ನು ಸುಲಭವಾಗಿ ಏರಲಿಲ್ಲ. ಅಭ್ಯಾಸಬದ್ಧ ಅಪರಾಧಿಗಳೆಂಬ ಹೊಸ ಹೆಸರಿನ ಕಾಯಿದೆಗಳು ಪ್ರಾಂತಪ್ರಾಂತಗಳಲ್ಲಿ ಬಂದವು, ಮುಂಬಯಿಯದು 1959ರದು. ಹೊಸ ಕಾಯಿದೆಯು ವ್ಯಕ್ತಿಯನ್ನು ನೋಡುವುದೆಂದರೂ ಹಳೆಯ ಕಣ್ಣು ಕುಲವನ್ನೇ ಹುಡುಕುತ್ತಿತ್ತು.

1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಲದ ಪುರುಲಿಯಾದಲ್ಲಿ ಸಬರ ಕುಲದ ಬುಧನ್ ಎಂಬಾತನು ಬಂಧನದಲ್ಲಿದ್ದಾಗ ಸತ್ತನು. ಲೇಖಕಿ ಮಹಾಶ್ವೇತಾದೇವಿಯವರೂ ವಡೋದರಾದ ಪ್ರಾಧ್ಯಾಪಕ ಗಣೇಶ ದೇವಿಯವರೂ ಆ ವರ್ಷವೇ ವಿಮುಕ್ತರ ಹಕ್ಕುಗಳಿಗಾಗಿ ಸಂಘಟನೆಯನ್ನು ಕಟ್ಟಿದರು. ಕಲಕತ್ತಾ ಹೈಕೋರ್ಟು ಬುಧನ್‌ನ ಪತ್ನಿಗೆ ಪರಿಹಾರ ಕೊಡಬೇಕೆಂದಿತು. ಛಾರಾನಗರದ ತರುಣರು ಈ ಕಥೆಯನ್ನೇ ನಾಟಕವಾಗಿಸಿ, ‘ಬುಧನ್ ಥಿಯೇಟರ್’ ಎಂಬ ರಂಗತಂಡವನ್ನು ಸ್ಥಾಪಿಸಿದರು. ಅದೇ ಛಾರಾನಗರಕ್ಕೆ 2018ರ ಜುಲೈ 26ರ ರಾತ್ರಿ ಪೋಲೀಸರು ನುಗ್ಗಿ ಥಳಿಸಿದರೆಂದು ನಿವಾಸಿಗಳು ದೂರಿದರು. ದೂರಿದವರಲ್ಲಿ ವಕೀಲರೂ ಇದ್ದರು.

ಇದು ನಮ್ಮ ದೇಶವೊಂದರ ಪಾಡಲ್ಲ. 2020ರ ಮೇ ತಿಂಗಳಲ್ಲಿ ಅಮೇರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಜನಾಂಗದವನು ಪೋಲೀಸನ ಮೊಣಕಾಲಿನಡಿ ಪ್ರಾಣಬಿಟ್ಟಾಗ ಲೋಕವೇ ಬೆಚ್ಚಿತು. ಅಲ್ಲಿ ಮೈಬಣ್ಣ, ಇಲ್ಲಿ ಕುಲ. ಸಂಶಯದ ಬೇರು ಒಂದೇ.

ನಮ್ಮ ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು, ಕಾರಾಗೃಹಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ನಿಯಮಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ವಿಮುಕ್ತ ಕುಲದವರನ್ನು ಮನಬಂದಂತೆ ಬಂಧಿಸಕೂಡದೆಂದು ಪೋಲೀಸರಿಗೂ ಎಚ್ಚರಿಸಿತು.

ವರಾಛಾದಲ್ಲಿ ದುಡಿಯುವ ಕನ್ನಡಿಗರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ವಜ್ರದ ಕಾರಖಾನೆಗಳಿಂದ ತುಂಬಿದ ಈ ಪ್ರದೇಶದಲ್ಲಿ ಸೌರಾಷ್ಟ್ರದಿಂದ ವಲಸೆ ಬಂದವರೇ ಬಹುಮಂದಿ. ನಾವೂ ಹೊಟ್ಟೆಪಾಡಿಗೆ ಬಂದವರೇ. ಹೋಟೆಲಿನ ಗಲ್ಲೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಮೊದಲ ಅನುಮಾನ ಯಾರ ಮೇಲೆ ಬೀಳುತ್ತದೆ? ನಿನ್ನೆ ಬಂದ, ಭಾಷೆ ಬಾರದ ಮಾಣಿಯ ಮೇಲಲ್ಲವೇ? ಅವನ ಊರು ಯಾವುದು, ಜಾತಿ ಯಾವುದೆಂದು ಪಿಸುಗುಟ್ಟುವವರಲ್ಲಿ ನಮ್ಮವರೂ ಇರುತ್ತಾರೆ. 1871ರ ತರ್ಕವು ನಮ್ಮ ಅಡಿಗೆಮನೆಯಲ್ಲೇ ಹೊಗೆಯಾಡುತ್ತಿದೆ.

ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕು; ಇಪ್ಪತ್ತನಾಲ್ಕು ಗಂಟೆಗಳೊಳಗೆ, ಪ್ರಯಾಣದ ಅವಧಿಯನ್ನು ಬಿಟ್ಟು, ಮ್ಯಾಜಿಸ್ಟ್ರೇಟರೆದುರು ಹಾಜರುಪಡಿಸಬೇಕು. ವಕೀಲನನ್ನು ಕಾಣುವ ಹಕ್ಕೂ ಅವನಿಗುಂಟು. ಇದು ಸಂವಿಧಾನದ 22ನೆಯ ವಿಧಿ. ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕೆಂಬುದೂ ಕಾನೂನು. ಬಡವನಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಉಚಿತ ನೆರವನ್ನು ಒದಗಿಸುತ್ತದೆ. ಬರೆಯಬಲ್ಲ ಗುಮಾಸ್ತ ಬಂಧುಗಳು ಇಷ್ಟನ್ನಾದರೂ ಒಂದು ಹಾಳೆಯಲ್ಲಿ ಬರೆದು, ಹೋಟೆಲು ಹುಡುಗರು ಮಲಗುವ ಕೋಣೆಯ ಗೋಡೆಗೆ ಅಂಟಿಸಲಿ. ಕಷ್ಟದ ರಾತ್ರಿಯಲ್ಲಿ ಯಾರಿಗೆ ಸುದ್ದಿ ಕೊಡಬೇಕೆಂಬುದನ್ನೂ ಅದರ ಕೆಳಗೆ ಕಾಣಿಸಲಿ.