ಸ್ಮಾರ್ಟ್‌ ಕ್ಲಾಸ್‌: ನಂಬಿಕೆ ಎಷ್ಟು, ನಿಜ ಎಷ್ಟು?

ಓದಿದ ಶಾಲೆಗೆ ಏನಾದರೂ ಮಾಡೋಣ ಎಂದು ಹಳೆಯ ವಿದ್ಯಾರ್ಥಿಗಳು ಸೇರಿದರೆ ಈಗ ಮೊದಲು ಬರುವ ಮಾತೇ ಸ್ಮಾರ್ಟ್‌ ಕ್ಲಾಸ್‌. ಆಸೆ ಒಳ್ಳೆಯದು. ಆದರೆ ಊರವರು ಬೆವರು ಸುರಿಸಿ ಗಳಿಸಿದ ದುಡ್ಡು ಹಾಕುವ ಮುನ್ನ ಅದರ ಹಿಂದಿನ ನಂಬಿಕೆಗಳನ್ನು ಒಮ್ಮೆ ಪರೀಕ್ಷಿಸಲೇಬೇಕು.

ತಪ್ಪು ಕಲ್ಪನೆ: ಉಪಕರಣ ಬಂದರೆ ಕಲಿಕೆ ತಾನಾಗಿ ಸುಧಾರಿಸುತ್ತದೆ.

ಪೆರು ದೇಶ ಇದನ್ನು ದೊಡ್ಡದಾಗಿಯೇ ಮಾಡಿ ನೋಡಿತು. ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್‌ ಹಂಚಿತು. 319 ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಬಂತು. ಸುಮಾರು 15 ತಿಂಗಳ ನಂತರವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ, ಲ್ಯಾಪ್‌ಟಾಪ್‌ ಸಿಕ್ಕ ಶಾಲೆಗಳ ಮಕ್ಕಳು ಉಳಿದವರಿಗಿಂತ ಮುಂದಿರಲಿಲ್ಲ. ಯಂತ್ರ ಬಂದಿತ್ತು, ಪಾಠ ಮಾಡುವ ಕ್ರಮ ಬದಲಾಗಿರಲಿಲ್ಲ.

ತಪ್ಪು ಕಲ್ಪನೆ: ಈಗಿನ ಮಕ್ಕಳಿಗೆ ಕಂಪ್ಯೂಟರ್‌ ಕಲಿಸಬೇಕಾಗಿಲ್ಲ.

ಮೊಬೈಲಿನಲ್ಲಿ ವಿಡಿಯೊ ಸರಿಸಲು ಬಂದರೆ ಮಾಹಿತಿಯನ್ನು ಹುಡುಕಿ ತೂಗಿ ನೋಡಲು ಬಂತು ಎಂದಲ್ಲ. 2018ರಲ್ಲಿ ಹಲವು ದೇಶಗಳ ಎಂಟನೇ ತರಗತಿ ಮಕ್ಕಳ ಈ ಕೌಶಲವನ್ನು ಪರೀಕ್ಷಿಸಿದಾಗ ಅತಿ ಮೇಲಿನ ಮಟ್ಟ ಮುಟ್ಟಿದವರು ಶೇ. 2ರಷ್ಟು ಮಾತ್ರ.

ತಪ್ಪು ಕಲ್ಪನೆ: ಹಾಗಾದರೆ ಇದೆಲ್ಲ ದಂಡ, ಕಪ್ಪು ಹಲಗೆಯೇ ಸಾಕು.

ಇದೂ ಅಷ್ಟೇ ತಪ್ಪು. ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ನಡೆದ ಪ್ರಯೋಗವೊಂದನ್ನು ಶಿಕ್ಷಣದ ಬಗ್ಗೆ ಕಾಳಜಿಯಿರುವ ಪ್ರತಿಯೊಬ್ಬರೂ ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ. ಗಣಿತದ ಒಂದೇ ತಂತ್ರಾಂಶವನ್ನು ಅಲ್ಲಿ ಎರಡು ರೀತಿಯಲ್ಲಿ ಬಳಸಿದರು. ಕೆಲವು ಕಡೆ ಶಿಕ್ಷಕರ ಪಾಠದ ವೇಳೆಯನ್ನೇ ಕಡಿತ ಮಾಡಿ ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಇನ್ನು ಕೆಲವು ಕಡೆ ಪಾಠಕ್ಕೆ ಕೈಹಚ್ಚದೆ, ಶಾಲಾ ಅವಧಿಯ ಆಚೆಗೆ ಬಳಸಿದರು. ಮೊದಲ ಗುಂಪಿನ ಮಕ್ಕಳು ಯಂತ್ರವೇ ಇಲ್ಲದವರಿಗಿಂತಲೂ ಹಿಂದೆ ಬಿದ್ದರು. ಎರಡನೆಯ ಗುಂಪಿನವರು ಮುಂದೆ ಹೋದರು, ಅದರಲ್ಲೂ ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ಹೆಚ್ಚು ಲಾಭವಾಯಿತು. ತಂತ್ರಾಂಶ ಅದೇ. ಒಳ್ಳೆಯ ಪಾಠದ ಸಮಯವನ್ನು ಅದು ತಿಂದಿತೋ, ಪಾಠದ ಮೇಲೆ ಇನ್ನಷ್ಟು ಅಭ್ಯಾಸ ಸೇರಿಸಿತೋ ಎಂಬುದರಲ್ಲೇ ಅಂತರವಿತ್ತು.

ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಕಾರಣ ತೋರಿಸುತ್ತದೆ. ಅಲ್ಲಿನ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಶಾಲೆ ಬಿಟ್ಟ ಮೇಲೆ ಮೈಂಡ್‌ಸ್ಪಾರ್ಕ್‌ ಎಂಬ ಕಲಿಕಾ ತಂತ್ರಾಂಶದ ಕೇಂದ್ರದಲ್ಲಿ 45 ನಿಮಿಷ ಕಂಪ್ಯೂಟರ್‌, 45 ನಿಮಿಷ ಸಣ್ಣ ಗುಂಪಿನಲ್ಲಿ ಬೋಧಕರ ನೆರವು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಈ ಅವಕಾಶ ಸಿಕ್ಕ ಮಕ್ಕಳು ಉಳಿದವರಿಗಿಂತ ಬಹಳ ಮುಂದೆ ಬಂದರು. ಆ ತಂತ್ರಾಂಶ ಪ್ರತಿ ಮಗುವಿಗೂ ಅದಿರುವ ಮಟ್ಟದಿಂದಲೇ ಲೆಕ್ಕ ಕೊಡುತ್ತಿತ್ತು. ನಲವತ್ತು ಮಕ್ಕಳ ಕೋಣೆಯಲ್ಲಿ ಒಬ್ಬ ಶಿಕ್ಷಕಿಗೆ ಅದು ತೀರಾ ಕಷ್ಟದ ಕೆಲಸ. ಸ್ಮಾರ್ಟ್‌ ಬೋರ್ಡಿನಲ್ಲಿ ಇಡೀ ತರಗತಿಗೆ ಒಂದೇ ವಿಡಿಯೊ ಹಾಕಿ ಕೂರಿಸಿದರೆ ಈ ಲಾಭವೂ ಕೈತಪ್ಪುತ್ತದೆ.

ತಪ್ಪು ಕಲ್ಪನೆ: ಮುಂದೆ ಯಂತ್ರವೇ ಪಾಠ ಮಾಡುತ್ತದೆ, ಮೇಷ್ಟ್ರು ಬೇಕಾಗಿಲ್ಲ.

ಇಂಥ ಭವಿಷ್ಯವಾಣಿಗೆ ನೂರು ವರ್ಷ ದಾಟಿದೆ. ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯುತ್ತದೆ, ಸಿನಿಮಾವೇ ಕಲಿಸುತ್ತದೆ ಎಂದು ಥಾಮಸ್‌ ಎಡಿಸನ್‌ 1913ರಲ್ಲೇ ಹೇಳಿದ್ದರು.

ನಮ್ಮ ನಾಡಿನ ಅನುಭವ ಬೇರೆಯೇ ದಾರಿ ತೋರಿಸಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಉಪಗ್ರಹದ ಮೂಲಕ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿತು. ಉತ್ತರ ಕರ್ನಾಟಕದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನ ಜನಕ್ಕೆ ಕಾರ್ಯಕ್ರಮ. ಆ ಪ್ರಯೋಗದ ಯೋಜಕರು ಶಿಕ್ಷಕರನ್ನು ಬದಿಗೆ ಸರಿಸಲಿಲ್ಲ. ರಜೆಯ ದಿನಗಳಲ್ಲಿ ಅದೇ ಟಿ.ವಿ.ಯ ಮುಂದೆ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರನ್ನು ಕೂರಿಸಿ, ವಿಜ್ಞಾನವನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂದು ತರಬೇತಿ ಕೊಟ್ಟರು.