ರೈಲು ಹೊರಟಿತೋ, ಹೊರಟಿತ್ತೋ?

ಬ್ಯಾಂಕ್ ನೇಮಕಾತಿ ಪರೀಕ್ಷೆಗೆ ಸಿದ್ಧಳಾಗುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ಕಳೆದ ವಾರ ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಪುಸ್ತಕ ಹಿಡಿದು ಬಂದಳು. 'ವೆನ್ ಐ ರೀಚ್ಡ್ ದಿ ಸ್ಟೇಷನ್, ದಿ ಟ್ರೇನ್...' ಎಂಬ ವಾಕ್ಯ. ಬಿಟ್ಟ ಸ್ಥಳ ತುಂಬಲು 'ಲೆಫ್ಟ್', 'ಹ್ಯಾಡ್ ಲೆಫ್ಟ್', 'ವಾಸ್ ಲೀವಿಂಗ್', 'ಲೀವ್ಸ್' ಎಂಬ ನಾಲ್ಕು ಆಯ್ಕೆಗಳು. ಅವಳು ಮೂರನೆಯದನ್ನು ಗುರುತಿಸಿದ್ದಳು. ಪುಸ್ತಕದ ಕೊನೆಯ ಪುಟ ಎರಡನೆಯದೇ ಸರಿ ಎನ್ನುತ್ತಿತ್ತು. 'ರೈಲು ಆಗಷ್ಟೇ ಹೊರಡುತ್ತಿತ್ತು, ಓಡಿಹೋಗಿ ಹತ್ತಿಕೊಂಡರು ಅಂದುಕೊಂಡೆ ಸಾರ್. ಅದು ಹೇಗೆ ತಪ್ಪು?'

ತಪ್ಪಲ್ಲ. ನಾನು ನಿಲ್ದಾಣ ತಲುಪಿದಾಗ ರೈಲು ಹೊರಟಿತು, ಹೊರಟಿತ್ತು, ಹೊರಡುತ್ತಿತ್ತು: ಕನ್ನಡದಲ್ಲಿ ಮೂರೂ ಶುದ್ಧ ವಾಕ್ಯಗಳೇ. ಒಂದು ಒತ್ತಕ್ಷರದ ವ್ಯತ್ಯಾಸದಲ್ಲಿ ಪ್ರಯಾಣಿಕ ರೈಲನ್ನು ಕಂಡನೋ, ಬರಿಯ ಹಳಿಯನ್ನು ಕಂಡನೋ ಎಂಬುದು ತೀರ್ಮಾನವಾಗುತ್ತದೆ. ಇಂಗ್ಲಿಷಿನಲ್ಲೂ ಅಷ್ಟೆ, 'ಲೀವ್ಸ್' ಒಂದನ್ನು ಬಿಟ್ಟರೆ ಉಳಿದ ಮೂರೂ ಸಲ್ಲುತ್ತವೆ. ಪ್ಲಾಟ್‌ಫಾರ್ಮ್ ಖಾಲಿಯಾಗಿತ್ತು ಎಂಬ ಇನ್ನೊಂದು ವಾಕ್ಯ ಜೊತೆಗಿದ್ದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಸಂದರ್ಭವನ್ನು ಕತ್ತರಿಸಿ ಎಸೆದ ಮೇಲೆ ವಿದ್ಯಾರ್ಥಿ ಊಹಿಸಬೇಕಾದುದು ಭಾಷೆಯನ್ನಲ್ಲ, ಪ್ರಶ್ನೆ ಬರೆದವನ ಮನಸ್ಸನ್ನು.

ಇಂತಹವು ಇನ್ನೂ ಇವೆ. 'ಟೀಮ್' ಎಂಬ ಪದದ ಮುಂದೆ 'ಈಸ್' ಬರಬೇಕೋ 'ಆರ್' ಬರಬೇಕೋ? ಬ್ರಿಟಿಷರಿಗೆ ಎರಡೂ ಸರಿ, ಅಮೆರಿಕನ್ನರಿಗೆ ಸಾಮಾನ್ಯವಾಗಿ ಮೊದಲನೆಯದೇ ಸರಿ. ಯಾರ ಇಂಗ್ಲಿಷ್ ಎಂದು ಪುಸ್ತಕ ಹೇಳುವುದಿಲ್ಲ.

ಈ ಪದ್ಧತಿಯ ಹುಟ್ಟಿನಲ್ಲೇ ಒಂದು ವಿಡಂಬನೆಯಿದೆ. ಅಮೆರಿಕದ ಕ್ಯಾನ್ಸಾಸ್‌ನಲ್ಲಿದ್ದ ಫ್ರೆಡರಿಕ್ ಕೆಲ್ಲಿ 1914ರಲ್ಲಿ ಅಧ್ಯಯನ ಮಾಡಿದ್ದು ಉಪಾಧ್ಯಾಯರು ಕೊಡುವ ಅಂಕಗಳಲ್ಲಿನ ಏರುಪೇರನ್ನು. ಯಾರು ತಿದ್ದಿದರೂ ಅಂಕ ಒಂದೇ ಆಗಬೇಕೆಂದು ಆತ ಆ ದಶಕದಲ್ಲೇ ಒಂದೇ ಉತ್ತರವಿರುವ ಪರೀಕ್ಷೆಯನ್ನು ರೂಪಿಸಿದ. ತಿದ್ದುವವನ ಮರ್ಜಿ ಹೋಯಿತು, ನಿಜ. ಅದು ಪ್ರಶ್ನೆ ಬರೆಯುವವನ ಕೈಸೇರಿತು.

ದೂರುವ ಹಕ್ಕು ನನಗೆ ಎಷ್ಟಿದೆಯೋ ಕಾಣೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವರ್ಷಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿಂದ ಇದೇ ರೈಲನ್ನು ನಾನೂ ಎಷ್ಟೋ ಸಲ ಓಡಿಸಿದ್ದೇನೆ. 'ಲೆಫ್ಟ್' ಎಂದು ಬರೆದ ಹುಡುಗರಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದ್ದೇನೆ. ಯಾಕೆ ಹಾಗೆ ಬರೆದೆ ಎಂದು ಒಬ್ಬನನ್ನೂ ಕೇಳಲಿಲ್ಲ. ಕೇಳಿದ್ದರೆ ಅಂದಿನ ವ್ಯಾಕರಣ ಪಾಠ ಅಲ್ಲಿಂದಲೇ ಶುರುವಾಗಬಹುದಿತ್ತು. ಅಭ್ಯಾಸ ಪುಸ್ತಕಗಳು ಉತ್ತರದ ಸಂಖ್ಯೆಯ ಜೊತೆಗೆ ಎರಡು ಸಾಲಿನ ಕಾರಣವನ್ನಾದರೂ ಅಚ್ಚು ಮಾಡಬಾರದೇ?

ಹುಡುಗಿಗೆ ಇಷ್ಟನ್ನೂ ವಿವರಿಸಿದೆ. ಶ್ರದ್ಧೆಯಿಂದ ಕೇಳಿಸಿಕೊಂಡು, 'ಪರೀಕ್ಷೆಯಲ್ಲಿ ಬಂದರೆ ಯಾವುದನ್ನು ಗುರುತಿಸಲಿ?' ಎಂದಳು. ಅಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಕಡಿತ.

'ಎರಡನೆಯದನ್ನೇ ಗುರುತಿಸಮ್ಮ' ಎಂದೆ.