ರಕ್ತದೊತ್ತಡವೂ ಮನೆಯ ಜಮಾಖರ್ಚೂ

ಮುಂಬಯಿಯಂತಹ ನಗರದಲ್ಲಿ ಸಂಬಳವನ್ನೇ ನಂಬಿದ ಕುಟುಂಬವು ಬಾಡಿಗೆ, ಶಾಲೆಯ ಶುಲ್ಕ, ಊರಿಗೆ ಹೋಗಿಬರುವ ವೆಚ್ಚ ಇವೆಲ್ಲವನ್ನೂ ಮುಂಚಿತವಾಗಿ ಲೆಕ್ಕಹಾಕಿಡುತ್ತದೆ. ಆರೋಗ್ಯದ ಖಾತೆಯನ್ನು ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ ತೆರೆಯುತ್ತದೆ. 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇಕಡಾ 39.4 ಭಾಗವನ್ನು ಜನರು ಸ್ವಂತ ಕಿಸೆಯಿಂದಲೇ ತೆತ್ತರು.

ಅಧಿಕ ರಕ್ತದೊತ್ತಡವನ್ನೇ ನೋಡಬಹುದು. ಬಹುಮಂದಿಗೆ ಅದರಿಂದ ನೋವಿಲ್ಲ, ಲಕ್ಷಣವೂ ಇಲ್ಲ. ಆದರೆ ಅದು ವರ್ಷಗಟ್ಟಲೆ ಹತೋಟಿ ಮೀರಿದ್ದರೆ ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳು ಕೆಟ್ಟು, ರಕ್ತವನ್ನು ಸೋಸುವ ಶಕ್ತಿ ಕುಂದುತ್ತದೆ. ಮೂತ್ರಪಿಂಡಗಳು ಪೂರ್ಣ ಸೋತ ಮೇಲೆ ಉಳಿಯುವುದು ಕಸಿ ಅಥವಾ ಡಯಾಲಿಸಿಸ್. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿಸಲ ಸುಮಾರು ನಾಲ್ಕು ತಾಸು. ವರ್ಷಕ್ಕೆ 156 ಸಲ! ಬಿಲ್ಲನ್ನು ವಿಮೆಯು ಭರಿಸಿತೆಂದೇ ಇಟ್ಟುಕೊಂಡರೂ, ಕಳೆದುಹೋದ ರಜೆಗಳನ್ನೂ ಜೊತೆಗೆ ಹೋಗುವವರ ದುಡಿಮೆಯನ್ನೂ ತುಂಬಿಕೊಡುವವರಾರು?

ಒತ್ತಡವನ್ನು ಅಳೆಯಲು ಕೆಲವೇ ನಿಮಿಷ ಸಾಕು. ಅದು ಮತ್ತೆ ಮತ್ತೆ 140/90 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರನ್ನು ಕಾಣುವುದು ಅಗತ್ಯ. ಅವರು ಬರೆದುಕೊಡುವ ಮಾತ್ರೆಗಳಲ್ಲಿ ಹಲವು ಜನೌಷಧಿ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುತ್ತವೆ. ಒತ್ತಡ ಇಳಿಯಿತೆಂದು ಅವನ್ನು ತಾವಾಗಿಯೇ ನಿಲ್ಲಿಸುವುದು ಉಳಿತಾಯವಲ್ಲ, ಇಳಿದದ್ದು ಮಾತ್ರೆಯಿಂದಲೇ. ದಿನದ ಉಪ್ಪು 5 ಗ್ರಾಂಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊರಿನಿಂದ ಅಕ್ಕರೆಯಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಈ ಲೆಕ್ಕಕ್ಕೇ ಸೇರುತ್ತವೆ!

ಇನ್ನೊಂದು ಮಾತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮುನ್ನೆಚ್ಚರಿಕೆಯ ತಪಾಸಣೆಗಾಗಿ, ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೆ, ವರ್ಷಕ್ಕೆ 5,000 ರೂಪಾಯಿಯವರೆಗೆ ಆದಾಯದಲ್ಲಿ ಕಡಿತವುಂಟು. ವಿಮೆಯ ಕಂತನ್ನು ನಗದಾಗಿ ತೆತ್ತರೆ ಕಡಿತ ದೊರೆಯದು. ತಪಾಸಣೆಯ ಶುಲ್ಕಕ್ಕೆ ಆ ನಿರ್ಬಂಧವಿಲ್ಲ. ರಸೀದಿಯನ್ನು ಮಾತ್ರ ಜೋಪಾನವಾಗಿಡಬೇಕು.